ಅಂಧ ಮಕ್ಕಳ ನಿದ್ರೆ ಮತ್ತು ಜೈವಿಕ ಗಡಿಯಾರ

ಕಣ್ಣು ಕಾಣದ ಕೆಲವು ಮಕ್ಕಳು ಒಂದೆರಡು ವಾರ ರಾತ್ರಿಯೆಲ್ಲ ಚೆನ್ನಾಗಿ ನಿದ್ರಿಸುತ್ತಾರೆ. ಆಮೇಲೆ ನಡುರಾತ್ರಿ ಎದ್ದು ಕೂರುತ್ತಾರೆ, ಹಗಲು ತರಗತಿಯಲ್ಲಿ ತೂಕಡಿಸುತ್ತಾರೆ. ಕೆಲವು ವಾರ ಕಳೆದರೆ ತಾನಾಗಿಯೇ ಸರಿಹೋಗುತ್ತದೆ. ಇದನ್ನು ಮಗುವಿನ ಹಟವೆಂದೋ ಹೆತ್ತವರ ಸಲಿಗೆಯೆಂದೋ ದೂರುವುದು ಅನ್ಯಾಯ. ಮಿದುಳಿನ ಹೈಪೊಥಲಾಮಸ್‌ನಲ್ಲಿರುವ ಜೈವಿಕ ಗಡಿಯಾರದ ಸಹಜ ಸುತ್ತು ಹೆಚ್ಚಿನವರಲ್ಲಿ 24 ಗಂಟೆಗಿಂತ ತುಸು ದೀರ್ಘ. ಕಣ್ಣಿಗೆ ಬೀಳುವ ಬೆಳಕು ದಿನವೂ ಅದನ್ನು ತಿದ್ದುತ್ತದೆ. ಆ ಬೆಳಕು ತಲುಪದಿದ್ದರೆ, ಸುತ್ತು ಇಪ್ಪತ್ನಾಲ್ಕೂವರೆ ಗಂಟೆಯದಾಗಿದ್ದಲ್ಲಿ, ನಿದ್ದೆ ಹತ್ತುವ ಹೊತ್ತು ದಿನಕ್ಕೆ ಅರ್ಧ ಗಂಟೆ ತಡವಾಗುತ್ತ ಹೋಗಿ ಸುಮಾರು 49 ದಿನಗಳಿಗೊಮ್ಮೆ ಮೊದಲಿನ ವೇಳೆಗೆ ಬಂದು ಸೇರುತ್ತದೆ. ಊಟ, ಶಾಲೆ, ಮಲಗುವ ಹೊತ್ತನ್ನು ಬಿಗಿಮಾಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಶಿಸ್ತಿನ ದಿನಚರಿ ನೆರವಾಗುತ್ತದೆ, ನಿಜ; ಆದರೆ ಬೆಳಕಿನಷ್ಟು ಬಲ ಅದಕ್ಕಿಲ್ಲ. ಎಲ್ಲರ ನಡುವೆ ಕೆಲಸ ಮಾಡಿಕೊಂಡು ಬಾಳುತ್ತಿದ್ದ ಅಂಧನೊಬ್ಬನ ದೇಹದ ಲಯ 24.9 ಗಂಟೆಯದೆಂದು ‘ಸೈನ್ಸ್’ ಪತ್ರಿಕೆ 1977ರಲ್ಲೇ ವರದಿ ಮಾಡಿತ್ತು.

ಆದರೆ ಅಂಧತ್ವವೆಲ್ಲ ಒಂದೇ ಅಲ್ಲ. ರೆಟಿನಾದಲ್ಲಿ ನೋಟಕ್ಕೆ ಬೇಕಾದ ಕೋಶಗಳಲ್ಲದೆ, ಮೆಲನಾಪ್ಸಿನ್ ಎಂಬ ವರ್ಣಕವಿರುವ ಕೆಲವು ನರಕೋಶಗಳೂ ಇವೆ. ಗಡಿಯಾರಕ್ಕೆ ಬೆಳಕಿನ ಸುದ್ದಿ ಮುಟ್ಟಿಸುವ ಮುಖ್ಯ ಹೊಣೆ ಇವುಗಳದು. ಬೆಳಕಿನ ಅರಿವೇ ಇಲ್ಲದ ಕೆಲವರಲ್ಲೂ ಪ್ರಖರ ಬೆಳಕು, ರಾತ್ರಿಯ ಹಾರ್ಮೋನಾದ ಮೆಲಟೋನಿನ್ ಸ್ರಾವವನ್ನು ತಗ್ಗಿಸುತ್ತದೆಂದು 1995ರಲ್ಲಿ ನಿದ್ರಾ ಸಂಶೋಧಕ ಚಾರ್ಲ್ಸ್ ಝೈಸ್ಲರ್ ಮತ್ತು ಸಂಗಡಿಗರು ತೋರಿಸಿದರು. ಮಿದುಳಿನ ದೃಷ್ಟಿಭಾಗಕ್ಕೆ ಮಾತ್ರ ಪೆಟ್ಟಾದ ಮಗುವಿನಲ್ಲಿ ಈ ದಾರಿ ತೆರೆದಿರಬಹುದು. ಕಣ್ಣುಗುಡ್ಡೆಗಳೇ ಇಲ್ಲದೆ ಹುಟ್ಟಿದ, ಅಥವಾ ರೆಟಿನಾ ಕ್ಯಾನ್ಸರಿನಿಂದ ಎರಡೂ ಕಣ್ಣು ತೆಗೆಸಿಕೊಂಡ ಮಗುವಿನಲ್ಲಿ ಅದು ಮುಚ್ಚಿದೆ. ಆದ್ದರಿಂದ ಜೀವಕ್ಕೆ ಅಪಾಯವಿಲ್ಲದಾಗ, ಕಾಣದ ಕಣ್ಣು ಇದ್ದೇನು ಫಲವೆಂದು ಅದನ್ನು ತೆಗೆಯುವ ಮುನ್ನ ವೈದ್ಯರು ನಿದ್ರೆಯ ಬಗ್ಗೆಯೂ ವಿಚಾರಿಸಲೇಬೇಕು.

ಎಲ್ಲ ನಿದ್ರಾಭಂಗಕ್ಕೂ ಗಡಿಯಾರವೇ ಕಾರಣವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಅಪಸ್ಮಾರ, ಆಟಿಸಂ, ನೋವು, ಉಸಿರಾಟದ ತೊಡಕು, ಒಂಟಿತನದ ಭಯವೂ ಮಗುವನ್ನು ಎಬ್ಬಿಸಬಲ್ಲವು. ವ್ಯತ್ಯಾಸ ತಿಳಿಯಲು ಹೆತ್ತವರು ಕೆಲವು ವಾರ ಬಿಡದೆ ಬರೆದಿಟ್ಟ ನಿದ್ರೆಯ ದಿನಚರಿ ಬೇಕು. ನಿದ್ದೆಯ ಹೊತ್ತು ಕ್ರಮವಾಗಿ ಜಾರುತ್ತಿದೆಯೇ ಎಂಬುದು ಒಂದೆರಡು ರಾತ್ರಿಯ ಲೆಕ್ಕದಲ್ಲಿ ಕಾಣಸಿಗದು. ಮೆಲಟೋನಿನ್ ಮಾತ್ರೆಯಿಂದ ಅಂಧ ವಯಸ್ಕರ ಲಯವನ್ನು 24 ಗಂಟೆಗೆ ಹೊಂದಿಸಬಹುದೆಂದು 2000ದಲ್ಲಿ ದೃಢಪಟ್ಟಿತು. ಮಕ್ಕಳ ಕುರಿತ ಪುರಾವೆ ಇದಕ್ಕಿಂತ ತೆಳುವಾದದ್ದು. ಮೆಲಟೋನಿನನ್ನು ನಿದ್ದೆಮಾತ್ರೆಯಂತೆ ಬೇಕೆಂದಾಗ ಕೊಡುವುದು ಸರಿಯಲ್ಲ. ಅದು ಗಡಿಯಾರಕ್ಕೆ ಕೊಡುವ ಸಂಜೆಯ ಸೂಚನೆ, ಹೊತ್ತಲ್ಲದ ಹೊತ್ತಿನಲ್ಲಿ ಕೊಟ್ಟರೆ ಲಯವನ್ನು ತಪ್ಪು ದಿಕ್ಕಿಗೂ ಸರಿಸಬಲ್ಲದು. ಪ್ರಮಾಣವನ್ನೂ ವೇಳೆಯನ್ನೂ ಮಕ್ಕಳ ವೈದ್ಯರೇ ಗೊತ್ತುಮಾಡಬೇಕು.