ೞ ಅಕ್ಷರದ ತಪ್ಪು ಹೆಸರು



ಎಣ್ಣೆ ಟ್ಯಾಂಕುಗಳ, ಗೋದಾಮುಗಳ ಈ ಸಿತ್ರಾದಲ್ಲಿ ದುಡಿಯುವ ನಮಗೆ ಕಂಪ್ಯೂಟರ್ ಭಾಷೆಯ ಮಾನಕದ, ಅಂದರೆ ಸ್ಟ್ಯಾಂಡರ್ಡ್‌ನ, ಚರಿತ್ರೆ ಯಾಕೆ ಬೇಕು ಎಂದು ನೀವು ಕೇಳಬಹುದು. ನಾನು ಚಾರ್ಟರ್ಡ್ ಅಕೌಂಟೆಂಟ್, ಸಾಫ್ಟ್‌ವೇರ್ ನನ್ನ ಕಸುಬಲ್ಲ. ಆದರೆ ಕರಡು ಎಂದರೆ ಏನೆಂದು ನಮ್ಮವರಿಗೆ ಚೆನ್ನಾಗಿ ಗೊತ್ತು. ಲೆಕ್ಕಪತ್ರದ ಹೊಸ ಮಾನಕ ಬರುವ ಮೊದಲು ನಮ್ಮ ಇನ್‌ಸ್ಟಿಟ್ಯೂಟ್ ಒಂದು ‘ಎಕ್ಸ್‌ಪೋಷರ್ ಡ್ರಾಫ್ಟ್’ ಹೊರಡಿಸಿ, ಇಂತಿಷ್ಟು ದಿನದೊಳಗೆ ಅಭಿಪ್ರಾಯ ತಿಳಿಸಿ ಎನ್ನುತ್ತದೆ. ಬಹುಪಾಲು ಜನ ಅದನ್ನು ಓದುವುದಿಲ್ಲ. ಜಾರಿಯಾದ ಮೇಲೆ ಎಲ್ಲರೂ ಗೊಣಗುತ್ತಾರೆ.

ಓದಿದವರೊಬ್ಬರ ಕಥೆ ಮೊದಲು ಹೇಳುತ್ತೇನೆ. ‘ಸಿ’ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದವರು ಡೆನ್ನಿಸ್ ರಿಚಿ. ಅದಕ್ಕೊಂದು ಮಾನಕ ಬರೆಯಲು 1983ರಲ್ಲಿ ಸಮಿತಿ ಕೂತಿತು. ಕರಡು ಸಾರ್ವಜನಿಕರ ಮುಂದೆ ಬಂತು. ಕೆಲಸ ಮುಗಿಯುತ್ತ ಬಂದಾಗ ಸಮಿತಿ ‘ನೋಏಲಿಯಸ್’ ಎಂಬ ಹೊಸ ಪದವೊಂದನ್ನು ಸೇರಿಸಿತು. ಮೆಮೊರಿಯ ಈ ಜಾಗವನ್ನು ಬೇರೆ ಹೆಸರಿನಿಂದ ಯಾರೂ ಮುಟ್ಟುವುದಿಲ್ಲ ಎಂದು ಪ್ರೋಗ್ರಾಂ ಬರೆಯುವವನು ಯಂತ್ರಕ್ಕೆ ಕೊಡುವ ಮಾತು ಅದು. ಮಾತು ತಪ್ಪಿದರೆ ಪ್ರೋಗ್ರಾಂ ನಿಲ್ಲುವುದಿಲ್ಲ, ಸದ್ದಿಲ್ಲದೆ ತಪ್ಪು ಉತ್ತರ ಕೊಡಬಹುದು. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗಿಯೂ ಲೆಕ್ಕ ತಪ್ಪಿರುವ ಹಾಗೆ! ರಿಚಿ 1988ರ ಮಾರ್ಚ್‌ನಲ್ಲಿ ಸಮಿತಿಗೆ ಖಾರವಾಗಿಯೇ ಬರೆದರು: ಈ ಪದ ಹೋಗಲೇಬೇಕು, ಇದರಲ್ಲಿ ಚೌಕಾಸಿ ಇಲ್ಲ. ಸಮಿತಿ ಅದನ್ನು ಕೈಬಿಟ್ಟಿತು. 1989ರ ಡಿಸೆಂಬರ್‌ನಲ್ಲಿ ಮಾನಕ ಅಂಗೀಕಾರವಾಯಿತು. ಅದೇ ಉದ್ದೇಶಕ್ಕೆ ಇನ್ನೂ ಚೊಕ್ಕವಾದ ಬೇರೊಂದು ಪದ ಬಂದದ್ದು ಹತ್ತು ವರ್ಷದ ನಂತರ, 1999ರ ಆವೃತ್ತಿಯಲ್ಲಿ.

ಆ 1999ರ ಆವೃತ್ತಿಯಲ್ಲೇ ಕನ್ನಡವೂ ಇದೆ. ಪ್ರೋಗ್ರಾಮಿನೊಳಗಿನ ಹೆಸರುಗಳಲ್ಲಿ ಯಾವ ಯಾವ ಲಿಪಿಯ ಅಕ್ಷರ ಬಳಸಬಹುದು ಎಂಬ ಅನುಬಂಧವೊಂದು ಅದರ ಕೊನೆಯಲ್ಲಿದೆ. ತೆಲುಗಿಗೂ ಮಲಯಾಳಕ್ಕೂ ನಡುವೆ ನಮ್ಮ ಸಾಲು. ಅಂದರೆ ‘ಸಂಬಳ’ ಎಂದು ಕನ್ನಡದಲ್ಲೇ ಹೆಸರಿಟ್ಟು ಸಂಬಳದ ಲೆಕ್ಕ ಬರೆಯಲು ಮಾನಕದ ಒಪ್ಪಿಗೆಯಿದೆ. ಅಲ್ಲಿ ಅಕ್ಷರಗಳಿಲ್ಲ, ಯುನಿಕೋಡ್ ಸಂಖ್ಯೆಗಳು ಮಾತ್ರ. ಅವುಗಳಲ್ಲಿ ಒಂದು ಸೊನ್ನೆ-ಸಿ-ಡಿ-ಇ. ಅದೇ ನಮ್ಮ ೞ.

ಈ ಅಕ್ಷರವನ್ನು ಕೇಳಲು ಹಳಗನ್ನಡದ ಕಾಲಕ್ಕೆ ಹೋಗಬೇಕಿಲ್ಲ, ಇಲ್ಲಿನ ಯಾವುದೇ ಕೆಫೆಟೇರಿಯಾಕ್ಕೆ ಹೋದರೆ ಸಾಕು. ನಾವು ಕೋಳಿ ಎನ್ನುವುದನ್ನು ಮಲಯಾಳಿ ಚೇಟ ಕೋೞಿ ಎನ್ನುತ್ತಾನೆ, ಮಳೆಯನ್ನು ಮೞ ಎನ್ನುತ್ತಾನೆ. ಹಳಗನ್ನಡದಲ್ಲಿ ನಮಗೂ ಕೋೞಿ, ಮೞೆ, ಏೞ್ ಇದ್ದವು. ಕ್ರಮೇಣ ೞ ಹೋಗಿ ಳ ಬಂತು. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಇದನ್ನು ‘ರಳ’ ಎಂದು ಕರೆದು, ಅದು ಬರುವ ಪದಗಳ ಪಟ್ಟಿಯನ್ನೇ ಕೊಟ್ಟ. ಜನ ಮರೆಯತೊಡಗಿದ್ದರಿಂದಲೇ ಪಟ್ಟಿ ಬೇಕಾಯಿತು ಎಂದು ನನ್ನ ಅನಿಸಿಕೆ.

1990ರ ದಶಕದ ಆರಂಭದಲ್ಲಿ ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವಾಗ ಈ ಅಕ್ಷರಕ್ಕೂ ಜಾಗ ಸಿಕ್ಕಿತು, ಆದರೆ ಹೆಸರು ತಪ್ಪಿತು. ಇಂಗ್ಲಿಷಿನಲ್ಲಿ ‘ಕನ್ನಡ ಲೆಟರ್ ಎಫ್‌ಎ’ ಎಂದು ಬರೆದರು. ಫ್ಯಾನ್, ಫೈಲ್ ಎನ್ನುವಾಗಿನ ‘ಫ’! ಅದೇ ಕೋಷ್ಟಕದಲ್ಲಿ ತಮಿಳಿನ, ಮಲಯಾಳದ ೞ ಅಕ್ಷರಗಳಿಗೆ ‘ಎಲ್‌ಎಲ್‌ಎಲ್‌ಎ’ ಎಂಬ ಸರಿಯಾದ ಹೆಸರಿದೆ. ಅಂತರರಾಷ್ಟ್ರೀಯ ಮಾನಕದ ಮೊದಲ ಕರಡು 1991ರಲ್ಲಿ ದೇಶಗಳ ಮತದಾನದಲ್ಲಿ ಬಿದ್ದುಹೋಗಿ, ಯುನಿಕೋಡ್ ಜೊತೆ ಹೊಂದಿಸಿ 1993ರಲ್ಲಿ ಪ್ರಕಟವಾಯಿತು. ದೊಡ್ಡ ತಕರಾರುಗಳೆಲ್ಲ ತೀರಿದವು. ಕನ್ನಡದ ಈ ಸಣ್ಣ ಸಾಲು ಹಾಗೇ ದಾಟಿಹೋಯಿತು.

1996ರ ಎರಡನೆಯ ಆವೃತ್ತಿಯಿಂದ ಯುನಿಕೋಡ್ ಒಂದು ಕಟ್ಟುನಿಟ್ಟು ಪಾಲಿಸುತ್ತಿದೆ: ಒಮ್ಮೆ ಕೊಟ್ಟ ಹೆಸರು ತಪ್ಪಿದ್ದರೂ ಬದಲಾಗದು. ಎಷ್ಟೋ ಪ್ರೋಗ್ರಾಮುಗಳು ಅದನ್ನು ನಂಬಿ ನಿಂತಿರುತ್ತವೆ. ಇದು ಹಟವೆಂದು ಕೆಲವರಿಗೆ ಕೋಪ. ನನಗೆ ಹಾಗನಿಸುವುದಿಲ್ಲ. ನಮ್ಮ ಲೆಡ್ಜರಿನಲ್ಲೂ ತಪ್ಪು ನಮೂದನ್ನು ಅಳಿಸುವಂತಿಲ್ಲ, ಕೆಳಗೆ ತಿದ್ದುಪಡಿ ನಮೂದು ಹಾಕಬೇಕು, ಎರಡೂ ಉಳಿಯಬೇಕು. ಯುನಿಕೋಡ್ ಮಾಡಿದ್ದೂ ಅದನ್ನೇ. ಕೋಷ್ಟಕದಲ್ಲಿ ಈ ಹೆಸರು ತಪ್ಪು ಎಂಬ ಟಿಪ್ಪಣಿಯಿದೆ, ಸರಿಯಾದ ಹೆಸರು ಉಪನಾಮವಾಗಿ ಸೇರಿದೆ. ಆದರೂ ಪೈಥಾನ್ ಭಾಷೆಯಲ್ಲಿ ೞ ಅಕ್ಷರದ ಹೆಸರು ಕೇಳಿದರೆ ಇಂದಿಗೂ ಬರುವ ಉತ್ತರ ‘ಕನ್ನಡ ಲೆಟರ್ ಎಫ್‌ಎ’. ನಿಜವಾದ ಫ಼ ಬರೆಯಲು ಬೇಕಾದ ನುಕ್ತಾ ಚುಕ್ಕಿ ಕನ್ನಡಕ್ಕೆ ಸಿಕ್ಕಿದ್ದು 2003ರಲ್ಲಿ.

ಯುನಿಕೋಡ್‌ನ ಹೊಸ ಆವೃತ್ತಿಗಳ ಕರಡು ಈಗಲೂ ಸಾರ್ವಜನಿಕರ ಅಭಿಪ್ರಾಯಕ್ಕೆ ತೆರೆದಿರುತ್ತದೆ. ಸದಸ್ಯತ್ವ ಬೇಡ, ಶುಲ್ಕವಿಲ್ಲ. ಇಲ್ಲಿ ಕುಳಿತಿರುವ ಕರಾವಳಿಯವರಿಗೆ ಒಂದು ಸುದ್ದಿ: ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವವರಿಗೆ ಮೂಗಿನ ಉಚ್ಚಾರ ತೋರಿಸಲು ಬೇಕಿದ್ದ ಮೇಲ್ಬದಿಯ ಅನುಸ್ವಾರ 2022ರ 15ನೇ ಆವೃತ್ತಿಯಲ್ಲಿ ಸೇರಿತು. ಹಳೆಯ ಫೋನುಗಳಲ್ಲಿ ಅದು ಬರೀ ಚೌಕವಾಗಿ ಕಾಣಬಹುದು. ಇಂಗ್ಲಿಷ್ ಹೆಸರು ಮಾತ್ರ ಮಾರುದ್ದ: ‘ಕನ್ನಡ ಸೈನ್ ಕಂಬೈನಿಂಗ್ ಅನುಸ್ವಾರ ಅಬೌ ರೈಟ್’. ನಾನು ಎರಡು ಸಲ ಓದಿ ನೋಡಿದೆ, ತಪ್ಪಿಲ್ಲ.