ತೀರ್ಮಾನ ಯಾರ ಕೈಯಲ್ಲಿ? ಕನ್ನಡ ಕಾದಂಬರಿಯ ನಾಯಕಿ ನಡೆದ ದಾರಿ

ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಹೆಸರಾದ ಆ ಕೃತಿಯ ನಾಯಕಿ ಎಳೆಯ ವಿಧವೆ. ಭಕ್ತಿಯ ಸೋಗಿನಲ್ಲಿ ಮನೆಗೆ ಬರುವ ಕಪಟಿಗಳಿಂದ ಪಾರಾಗಲು ಅವಳು ತವರನ್ನೇ ತೊರೆದು ಸುಧಾರಕ ಅಮೃತರಾಯನ ಮನೆ ಸೇರುತ್ತಾಳೆ; ಓದುತ್ತಾಳೆ, ಮರುಮದುವೆಯಾಗುತ್ತಾಳೆ. ಹೊಸ್ತಿಲು ದಾಟಿದ್ದು ಅವಳದೇ ಧೈರ್ಯ. ಮುಂದಿನ ದಾರಿ ಹಾಕಿಕೊಟ್ಟವರು ಮಾತ್ರ ಸುಧಾರಕ ಗಂಡಸರು. ಅಲ್ಲಿಂದೀಚೆಗಿನ ನಾಯಕಿಯರನ್ನು ಓದುವಾಗಲೆಲ್ಲ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ತೀರ್ಮಾನ ಯಾರ ಕೈಯಲ್ಲಿದೆ?

ನಂಜನಗೂಡು ತಿರುಮಲಾಂಬ ಅವರ ‘ಸುಶೀಲೆ’ (1913) ಈ ಪ್ರಶ್ನೆಗೆ ಹಳೆಯ ಉತ್ತರವನ್ನೇ ಕೊಡುತ್ತದೆ. ಸಹನೆಯೇ ಅಲ್ಲಿ ನಾಯಕಿಯ ಬಲ. ಆದರೆ ಬಾಲವಿಧವೆಯಾಗಿದ್ದ ಲೇಖಕಿ ಸ್ವತಃ ಗ್ರಂಥಮಾಲೆ ನಡೆಸಿದರು, ಪತ್ರಿಕೆ ಹೊರಡಿಸಿದರು, ಹೆಣ್ಣುಮಕ್ಕಳಿಗೆ ಪಾಠ ಹೇಳಿದರು. ತಾವು ಬಾಳಿದಷ್ಟು ದಿಟ್ಟತನವನ್ನು ತಮ್ಮ ನಾಯಕಿಗೆ ಕೊಡಲು ಅಂದಿನ ಓದುಗ ಸಮಾಜ ಬಿಟ್ಟಿರಲಾರದು.

ಮುಂದೆ ತ್ರಿವೇಣಿಯವರು ಹೆಣ್ಣಿನ ಮನಸ್ಸಿನೊಳಗೆ ಇಳಿದರು. ‘ಶರಪಂಜರ’ದ ಕಾವೇರಿ ಮಾನಸಿಕ ಕಾಯಿಲೆಯಿಂದ ಗುಣವಾಗಿ ಮನೆಗೆ ಮರಳಿದರೂ ಅನುಮಾನದ ಕಣ್ಣುಗಳು ಅವಳನ್ನು ನಿಲ್ಲಗೊಡುವುದಿಲ್ಲ.

ನಿಜವಾದ ತಿರುವು ಕಾಣುವುದು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ದಲ್ಲಿ (1976). ಆಡುವ ವಯಸ್ಸಿನಲ್ಲೇ ವಿಧವೆಯಾಗಿ, ಮುಡಿ ತೆಗೆಸಿಕೊಂಡು, ಕೂಡುಕುಟುಂಬದ ಚಾಕರಿಯಲ್ಲೇ ಸವೆಯುವ ಮಲೆನಾಡಿನ ಹೆಣ್ಣು ಈಕೆ. ಭಾಷಣ ಮಾಡುವವಳಲ್ಲ, ಮಡಿಯನ್ನೂ ಬಿಡುವುದಿಲ್ಲ. ಆದರೆ ಕೀಳುಜಾತಿಯೆಂದು ದೂರವಿಟ್ಟ ಮನೆಯಲ್ಲಿ ಹೆರಿಗೆ ಕಷ್ಟವಾದಾಗ ಅವಳು ಹೋಗುತ್ತಾಳೆ. ಕೇಶಮುಂಡನಕ್ಕೆ ಒಪ್ಪದ ಎಳೆಯ ವಿಧವೆ ದಾಕ್ಷಾಯಣಿಯ ಪರ ನಿಲ್ಲುತ್ತಾಳೆ. ತನಗೆ ಸಿಗದ ಬಾಳು ಇನ್ನೊಬ್ಬಳಿಗೆ ಸಿಗಲೆಂದು ಎದ್ದು ನಿಲ್ಲುವುದಕ್ಕಿಂತ ದೊಡ್ಡ ನಾಯಕತ್ವ ನಮ್ಮ ಕಾದಂಬರಿಗಳಲ್ಲಿ ನನಗೆ ಕಂಡಿಲ್ಲ.

ದಾರಿ ನೇರವಾಗೇನೂ ಸಾಗಲಿಲ್ಲ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಲ್ಲಿ ನಾದಿರಾಳ ಮದುವೆ, ತಲಾಖ್, ಮರುಮದುವೆ ಎಲ್ಲವನ್ನೂ ಅಪ್ಪ ಮತ್ತು ಊರೇ ನಿರ್ಧರಿಸುತ್ತಾರೆ. ಅವಳ ಪಾಲಿಗೆ ಉಳಿಯುವುದು ಸಾವು. ಸೋತ ನಾಯಕಿಯೆಂದು ಅವಳನ್ನು ಬದಿಗಿಡುವವರನ್ನು ನಾನು ಒಪ್ಪಲಾರೆ. ತೀರ್ಮಾನದ ಹಕ್ಕು ಕಿತ್ತುಕೊಂಡರೆ ತೆರಬೇಕಾದ ಬೆಲೆಯನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಕೃತಿಗಳು ಕಡಿಮೆ.

ನೇಮಿಚಂದ್ರರ ‘ಯಾದ್ ವಶೇಮ್’ (2007) ಬೇರೆಯದೇ ಹರವಿನದು. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬೆಂಗಳೂರು ಸೇರಿದ ಯಹೂದಿ ಹುಡುಗಿ ಪರರ ಆಸರೆಯಲ್ಲಿ ಬೆಳೆದು, ಇಳಿವಯಸ್ಸಿನಲ್ಲಿ ತನ್ನವರನ್ನು ಹುಡುಕಿಕೊಂಡು ದೇಶ ದೇಶ ಸುತ್ತುತ್ತಾಳೆ. ಗಂಡ ಜೊತೆಗಿದ್ದರೂ ಹುಡುಕಾಟ ಅವಳದೇ.

ಕಾದಂಬರಿಯ ಹೊರಗೂ ತೀರ್ಮಾನದ ಹಕ್ಕು ಹೆಣ್ಣಿನ ಕೈಗೆ ಬರುತ್ತಿದೆ. ಕರ್ನಾಟಕದಲ್ಲಿ 1987ರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಚುನಾವಣೆಯಲ್ಲೇ ಶೇ. 25ರಷ್ಟು ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು. ಈಗ ಗ್ರಾಮ ಪಂಚಾಯಿತಿಗಳಲ್ಲಿ ಅದು ಶೇ. 50. ಗಂಡ ಹೇಳಿದಲ್ಲಿ ಸಹಿ ಹಾಕುತ್ತಿದ್ದ ಸದಸ್ಯೆ ಒಂದು ದಿನ ಠರಾವು ಪುಸ್ತಕವನ್ನು ತಾನೇ ಓದಿ, ಸಭೆಯಲ್ಲಿ ಎದ್ದು ಪ್ರಶ್ನೆ ಕೇಳುವ ಕಥೆ ನಮ್ಮ ಹಳ್ಳಿಗಳಲ್ಲಿ ನಡೆಯುತ್ತಲೇ ಇದೆ. ಕಾದಂಬರಿಯಲ್ಲಿ ಅವಳಿಗೆ ಸಿಕ್ಕಿರುವ ಜಾಗ ತೀರಾ ಕಡಿಮೆ. ಹೊಸದಾಗಿ ಬರೆಯುತ್ತಿರುವವರು ದಯವಿಟ್ಟು ಅವಳ ಕಡೆ ನೋಡಬೇಕು.