ಗಂಡು ಪತಂಗದ ಮೀಸೆ, ಹೆಣ್ಣು ಪತಂಗದ ಮೀಸೆ

ಹೆಣ್ಣಿಗೂ ಮೀಸೆಯೇ ಅಂತ ನಗಬೇಡಿ. ಪತಂಗಗಳಲ್ಲಿ ಗಂಡಿಗೂ ಮೀಸೆ ಉಂಟು, ಹೆಣ್ಣಿಗೂ ಉಂಟು. ಪುಸ್ತಕದವರು ಇದನ್ನು ಕುಡಿಮೀಸೆ ಅನ್ನುತ್ತಾರೆ. ನೋಡಲು ಮೀಸೆ, ಕೆಲಸ ಮೂಗಿನದು. ಆದರೆ ಇಬ್ಬರ ಮೂಗೂ ಒಂದೇ ಅಲ್ಲ. ಇದನ್ನು ಬಿಡಿಸಲು ಮನುಷ್ಯನಿಗೆ ಸುಮಾರು ನೂರು ವರ್ಷ ಹಿಡಿಯಿತು.

ದಕ್ಷಿಣ ಫ್ರಾನ್ಸಿನ ಸೆರಿನ್ಯಾನ್ ಹಳ್ಳಿಯಲ್ಲಿ ಝಾನ್ ಆನ್ರಿ ಫಾಬ್ರ್ ಎಂಬ ಮೇಷ್ಟ್ರು ಇದ್ದರು. ಒಂದು ಮೇ ತಿಂಗಳ ಬೆಳಿಗ್ಗೆ ಅವರ ಮನೆಯಲ್ಲಿ ಗೂಡು ಒಡೆದು ದೊಡ್ಡದೊಂದು ಹೆಣ್ಣು ಪತಂಗ ಹೊರಬಂತು. ಅದನ್ನು ತಂತಿ ಬಲೆಯ ಕೆಳಗೆ ಮುಚ್ಚಿಟ್ಟರು. ಅದೇ ರಾತ್ರಿ ಕತ್ತಲಲ್ಲಿ ಸುಮಾರು 40 ಗಂಡುಗಳು ಮನೆಗೇ ನುಗ್ಗಿದವು! ಹೇಗೆ ಗೊತ್ತಾಯಿತು ಅವಕ್ಕೆ? ಫಾಬ್ರ್ ಗಂಡುಗಳ ಮೀಸೆ ಕತ್ತರಿಸಿ ನೋಡಿದರು. ಹೆಚ್ಚಿನವು ತಿರುಗಿ ಬರಲಿಲ್ಲ. ಆದರೆ ಮೀಸೆ ಇದ್ದವೂ ಹೆಚ್ಚು ಬರಲಿಲ್ಲ, ಹಾಗಾಗಿ ಏನೂ ತೀರ್ಮಾನವಾಗಲಿಲ್ಲ. ನಾವು ಮುಂಬಯಿಯವರು ಡಾಂಬರ್ ಗೋಳಿ ಅನ್ನುತ್ತೇವಲ್ಲ, ಅದೇ ನ್ಯಾಫ್ತಲಿನ್ ಅನ್ನು ಪಕ್ಕದಲ್ಲಿಟ್ಟು ವಾಸನೆ ಕೆಡಿಸಿದರು. ಗಂಡುಗಳು ಆಗಲೂ ಬಂದವು. ವಾಸನೆಯೇ ಅಲ್ಲವೇನೋ ಎಂಬ ಸಂಶಯ ಅವರನ್ನು ಬಹಳ ಕಾಲ ಕಾಡಿತು. ಕೊನೆಗೆ ಬೇರೆ ಜಾತಿಯ ಪತಂಗವೊಂದು ದಾರಿ ತೋರಿತು. ಗಾಜಿನೊಳಗೆ ಕಣ್ಣಿಗೆ ಕಾಣುತ್ತಿದ್ದ ಹೆಣ್ಣನ್ನು ಬಿಟ್ಟು, ಅವಳು ಮೊದಲು ಕೂತಿದ್ದ ಓಕ್ ರೆಂಬೆಗೆ ಗಂಡುಗಳು ಮುತ್ತಿದವು. 1900ರಲ್ಲಿ ಬಂದ ಪುಸ್ತಕದಲ್ಲಿ ಇದನ್ನೆಲ್ಲ ಬರೆದರು.

ಆ ವಾಸನೆ ಯಾವುದು? ಉತ್ತರ ಕೊಟ್ಟದ್ದು ನಮ್ಮ ಕಡೆಯವರಿಗೆ ಪರಿಚಯದ ರೇಷ್ಮೆ ಚಿಟ್ಟೆ. ರಾಮನಗರ, ಕೋಲಾರದ ಕಡೆಯವರಾಗಿದ್ದರೆ ಬಿತ್ತನೆ ಕೋಠಿಯಲ್ಲಿ ನೋಡಿರುತ್ತೀರಿ. ಹೆಣ್ಣು ಸುಮ್ಮನೆ ಕೂತಿರುತ್ತದೆ. ಹಾರಲಾರದ ಗಂಡು ರೆಕ್ಕೆ ಪಟಪಟ ಬಡಿಯುತ್ತ ಸುತ್ತು ಹಾಕುತ್ತದೆ. ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಈ ರೆಕ್ಕೆ ಬಡಿತವನ್ನೇ ಅಳತೆಗೋಲು ಮಾಡಿಕೊಂಡರು. ಗಂಡಿನ ಮುಂದೆ ರಸ ಹಿಡಿಯುವುದು, ರೆಕ್ಕೆ ಬಡಿದರೆ ಮುಂದಿನ ಹೆಜ್ಜೆ. ಈ ಬುಟೆನಾಂಟ್ ನಾಜಿ ಪಕ್ಷದ ಸದಸ್ಯರಾಗಿದ್ದವರು. 1939ರ ನೊಬೆಲ್ ಬಹುಮಾನವನ್ನು ಹಿಟ್ಲರನ ಸರ್ಕಾರ ತೆಗೆದುಕೊಳ್ಳಲು ಬಿಡಲಿಲ್ಲ ಅನ್ನುವುದೂ ನಿಜ. ಸುಮಾರು 20 ವರ್ಷದ ದುಡಿಮೆ, 5 ಲಕ್ಷದಷ್ಟು ಹೆಣ್ಣು ಚಿಟ್ಟೆಗಳು, ಸಿಕ್ಕಿದ್ದು ಕೆಲವೇ ಮಿಲಿಗ್ರಾಂ. 1959ರಲ್ಲಿ ಅದಕ್ಕೆ 'ಬಾಂಬಿಕಾಲ್' ಎಂದು ಹೆಸರಿಟ್ಟರು. 'ಫೆರೊಮೋನ್' ಎಂಬ ಪದ ಹುಟ್ಟಿದ್ದೂ ಅದೇ ವರ್ಷ.

ಇನ್ನು ಮೀಸೆಯ ವಿಷಯ. 1957ರಲ್ಲಿ ಡೀಟ್ರಿಷ್ ಷ್ನೈಡರ್ ರೇಷ್ಮೆ ಚಿಟ್ಟೆಯ ಮೀಸೆಗೆ ವಿದ್ಯುತ್ ತಂತಿ ಜೋಡಿಸಿ, ಅದು ವಾಸನೆಗೆ ಮಿಡಿಯುವುದನ್ನು ಅಳೆದರು. ಹೆಣ್ಣಿನ ಗ್ರಂಥಿಯ ವಾಸನೆಗೆ ಗಂಡಿನ ಮೀಸೆ ಮಿಡಿಯುತ್ತದೆ. ಹೆಣ್ಣಿನ ಮೀಸೆಗೆ ತನ್ನದೇ ಬಾಂಬಿಕಾಲ್ ತಿಳಿಯುವುದಿಲ್ಲ! ಗಂಡಿನ ಒಂದು ಮೀಸೆಯಲ್ಲಿ ಈ ವಾಸನೆಗೆಂದೇ ಸುಮಾರು 17,000 ಸೂಕ್ಷ್ಮ ಕೂದಲುಗಳಿವೆ. ಒಂದೇ ಒಂದು ಅಣು ತಾಗಿದರೂ ನರ ಮಿಡಿಯಬಲ್ಲದು. 2004ರಲ್ಲಿ ಜಪಾನಿನ ಸಂಶೋಧಕರು ಆ ವಾಸನೆ ಹಿಡಿಯುವ ಪ್ರೋಟೀನನ್ನೂ ಗುರುತಿಸಿದರು.

ಹಾಗಾದರೆ ಹೆಣ್ಣಿನ ಮೂಗು ಮೊಂಡೇ? ಬಹಳ ದಿನ ಈ ಪ್ರಶ್ನೆಗೆ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಎಲ್ಲರ ಕಣ್ಣೂ ಗಂಡಿನ ಮೇಲೆಯೇ. ಕೊನೆಗೆ ಹೆಣ್ಣನ್ನೂ ಪರೀಕ್ಷಿಸಿದಾಗ, ಅವಳ ಮೀಸೆಯ ಅಂಥದೇ ಉದ್ದ ಕೂದಲುಗಳು ಲಿನಲೂಲ್, ಬೆಂಜೋಯಿಕ್ ಆಮ್ಲಗಳಿಗೆ ಚುರುಕಾಗಿ ಮಿಡಿಯುವುದು ಕಂಡಿತು. ಲಿನಲೂಲ್ ಅಂದರೆ ಹೂವು ಎಲೆಗಳಲ್ಲಿರುವ ಪರಿಮಳದ ವಸ್ತು. ಕಾಡಿನ ಪತಂಗಗಳಲ್ಲಿ ಮೊಟ್ಟೆ ಇಡಲು ಗಿಡ ಆರಿಸಬೇಕಾದವಳು ತಾಯಿ ತಾನೇ? ತಪ್ಪು ಗಿಡದಲ್ಲಿ ಇಟ್ಟರೆ ಮರಿಗಳು ಉಪವಾಸ. ಹಾಗಾಗಿ ಮೂಗಿನ ಚುರುಕು ಇಬ್ಬರಿಗೂ ಇದೆ, ಹುಡುಕುವುದು ಮಾತ್ರ ಬೇರೆ ಬೇರೆ.

ಇದರ ಫಲ ಇವತ್ತು ನಮ್ಮೂರ ಹೊಲಗಳಲ್ಲೂ ಇದೆ. ಹತ್ತಿಯ ಗುಲಾಬಿ ಕಾಯಿಕೊರಕಕ್ಕೆ ಹಾಕುವ ಮೋಹಕ ಬಲೆಯಲ್ಲಿ ಇರುವುದು ಆ ಜಾತಿಯ ಹೆಣ್ಣಿನ ವಾಸನೆಯ ನಕಲು. ಸಿಕ್ಕಿಬೀಳುವುದು ಗಂಡು ಮಾತ್ರ. ಮುಂದಿನ ಸಲ ಊರಿಗೆ ಹೋದಾಗ ಹತ್ತಿ ಹೊಲದಲ್ಲಿ ಅಂಥದ್ದು ನೇತಾಡುತ್ತಿದ್ದರೆ ಒಮ್ಮೆ ಬಗ್ಗಿ ನೋಡಿ. ನಮ್ಮ ಮೂಗಿಗೆ ಏನೂ ತಿಳಿಯುವುದಿಲ್ಲ, ಅದೇ ಸೋಜಿಗ.